ಕಳ್ಳಿ ಬಳಗದಲ್ಲಿ ವಿಷಯಾಂತರ

ಮೊಟ್ಟೆಯನ್ನು ಅಳಿಸಬಾರದಿತ್ತೇನೋ ಎಂದು ಅವನಿಗೆ ಅನ್ನಿಸತೊಡಗಿದ್ದು ಬೆಳಿಗ್ಗೆ ಹತ್ತೂಕಾಲಿಗೆ, ಯಾರದೋ ಮೇಲ್ದವಡೆಯ ಎಡಗಡೆಯ ಕೋರೆಹಲ್ಲನ್ನು ಮೇಣದಲ್ಲಿ ಕೂರಿಸುತ್ತಿದ್ದಾಗ. ಅಳಿಸಿ ಆಗಲೇ ಮುಕ್ಕಾಲು ಗಂಟೆಯಾಗಿತ್ತು. ಅಳಿಸುವಾಗ ಏನೂ ಅನ್ನಿಸಿರಲಿಲ್ಲ. ಅಂಗಿಯ ಮೇಲೆ ಹತ್ತಿದ ಇರುವೆಯನ್ನು ಕೊಡವಿದಷ್ಟೇ ಸಲೀಸಾಗಿ ಹೆಬ್ಬೆರಳು ಒತ್ತಿಬಿಟ್ಟಿತ್ತು. ಈಗ ನೋಡಿದರೆ, ಬೇಯಿಸಿ ನಡುವೆ ಕೊಯ್ದು ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಇಟ್ಟ ಆ ಮೊಟ್ಟೆ, ಒಳಗೆ ಒಂದಲ್ಲ ಎರಡು ಹಳದಿ ಇದ್ದ ಆ ಮೊಟ್ಟೆ, ಅವನು ಕೂರಿಸುವ ಪ್ರತಿ ಹಲ್ಲಿನ ಹಿಂದಿನಿಂದಲೂ ಇಣುಕುತ್ತಿತ್ತು. ಫೋಟೋದ ಕೆಳಗೆ ಬರೆದದ್ದು ಎರಡೇ ಸಾಲು: ‘ಎರಡು ಹಳದಿ! ಇವತ್ತು ಏನೋ ಒಳ್ಳೇದಾಗುತ್ತೆ.’ ಆ ಜಾಗದಲ್ಲಿ ಈಗ ಅವನದೇ ಸಾಲು ಇತ್ತು. ‘ವಿಷಯಾಂತರ. ಅಳಿಸಲಾಗಿದೆ. ಅಡ್ಮಿನ್.’

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದುಗಡೆಯ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು ಅವನ ಕೆಲಸ. ಮುಂದಿನ ಕೋಣೆಯಲ್ಲಿ ಡಾಕ್ಟರು ಕಿತ್ತದ್ದನ್ನೆಲ್ಲ ಹಿಂದಿನ ಕೋಣೆಯಲ್ಲಿ ಇವನು ಮತ್ತೆ ಜೋಡಿಸಬೇಕು. ಸ್ಪಿರಿಟ್ ದೀಪ, ಮೇಣ, ಪ್ಲಾಸ್ಟರಿನ ಅಚ್ಚುಗಳು, ಅವುಗಳ ಪಕ್ಕಕ್ಕೆ ಒರಗಿಸಿಟ್ಟ ಫೋನು. ಫೋನಿನೊಳಗೆ ನಾನೂರ ಹನ್ನೆರಡು ಜನರ ಕಳ್ಳಿ ಬಳಗ. ಕಿಟಕಿಯಲ್ಲೋ ಮಹಡಿಯಲ್ಲೋ ಒಂದಾದರೂ ಮುಳ್ಳಿನ ಗಿಡ ಸಾಕಿದವರೆಲ್ಲ ಅಲ್ಲಿದ್ದರು. ಅವರಲ್ಲಿ ನರ್ಸುಗಳಿದ್ದರು, ಬಸ್ ಕಂಡಕ್ಟರ್ ಇದ್ದ, ದೇವರಿದ್ದಾನೆ ಎನ್ನುವವರು, ಇಲ್ಲ ಎನ್ನುವವರು, ಇದ್ದಾನೆ ಆದರೆ ನಿಮ್ಮವನಲ್ಲ ಎನ್ನುವವರು, ಇವರು ಏಳುವ ಹೊತ್ತಿಗೆ ಮಲಗುವ ದೇಶಗಳವರು, ಮಳೆ ಬರಲಿ ಎಂದು ದಿನಾ ಪ್ರಾರ್ಥನೆ ಹಾಕುವ ಒಬ್ಬಾಕೆ, ಬಂದರೆ ನಮ್ಮ ಗಿಡವೆಲ್ಲ ಕೊಳೆಯುತ್ತಲ್ಲ ತಾಯಿ ಎಂದು ದಿನಾ ಕೈಮುಗಿಯುವ ಇನ್ನೊಬ್ಬ. ಕಳ್ಳಿಯೊಂದನ್ನು ಬಿಟ್ಟರೆ ಅವರಿಗೆ ಪರಸ್ಪರ ಏನೂ ಸಂಬಂಧವಿಲ್ಲ, ಕಳ್ಳಿ ಬಿಟ್ಟು ಬೇರೆ ಮಾತು ಶುರುವಾದರೆ ಒಂದು ವಾರದಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂಬುದು ಅಡ್ಮಿನ್ ಆಗಿ ಅವನ ಸಿದ್ಧಾಂತ. ಆ ಸಿದ್ಧಾಂತ ಅವನಿಗೆ ಹೆಮ್ಮೆಯ ವಿಷಯವಾಗಿತ್ತು. ಮನೆಯಲ್ಲಿ ಚಾನೆಲ್ ಬದಲಿಸುವ ಅಧಿಕಾರವೂ ಇಲ್ಲದ ಮನುಷ್ಯನಿಗೆ ನಾನೂರ ಹನ್ನೆರಡು ಜನರ ಬಾಯಿ ಮುಚ್ಚಿಸುವ ಅಧಿಕಾರ ಸಣ್ಣದಲ್ಲ.

ಆದರೆ ಮೊಟ್ಟೆ ಅಳಿಸಿ ಇಪ್ಪತ್ತು ನಿಮಿಷಕ್ಕೆ ಅಕ್ಕನ ಮಂಡಿ ಬಂದಿತ್ತು. ಬಳಗದಲ್ಲಿ ಆಕೆಯ ಹೆಸರು ಗುಂಡುಕಳ್ಳಿ. ಆಕೆ ಅಡ್ಮಿನ್‌ನ ಒಡಹುಟ್ಟಿದ ಅಕ್ಕ ಎಂಬುದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಗೊತ್ತಾಗದಂತೆ ಅವನು ನೋಡಿಕೊಂಡಿದ್ದ. ಹನ್ನೊಂದು ನಿಮಿಷದ ಧ್ವನಿ ಸಂದೇಶ. ಮೊದಲ ಐದು ಸೆಕೆಂಡು ಕೇಳಿದ. ‘ನನ್ನ ಮಂಡಿ ಇದೆಯಲ್ಲ, ಬಲಗಡೇದು, ಅದರ ಕತೆ ಹೇಳ್ತೀನಿ, ಎಲ್ಲರೂ ಕೂತ್ಕೊಂಡು ಕೇಳಿ...’ ಅವನು ನಿಲ್ಲಿಸಿಬಿಟ್ಟ. ಅಳಿಸಲು ಹೆಬ್ಬೆರಳು ಹೋಯಿತು. ಹೋದ ಹೆಬ್ಬೆರಳು ಹಾಗೇ ಬಾಯಿಗೆ ಬಂತು. ಚಿಕ್ಕವನಿದ್ದಾಗ ಉಗುರು ಕಚ್ಚಿದ್ದಕ್ಕೆ ಆ ಬೆರಳಿಗೆ ಹಾಗಲಕಾಯಿಯ ರಸ ಹಚ್ಚಿದ್ದವಳು ಅಕ್ಕನೇ. ಕುಂಟೆಬಿಲ್ಲೆ ಆಡುವಾಗ ಗೆರೆ ತುಳಿದೆಯೋ ಇಲ್ಲವೋ ಎಂದು ತೀರ್ಮಾನ ಕೊಡುತ್ತಿದ್ದವಳೂ ಅವಳೇ. ಅವನು ಪ್ರತಿ ಸಲ ಗೆರೆ ತುಳಿದಿರುತ್ತಿದ್ದ, ಅವಳು ಒಮ್ಮೆಯೂ ತುಳಿದಿರುತ್ತಿರಲಿಲ್ಲ. ಆ ತೀರ್ಮಾನಕ್ಕೆ ಮೇಲ್ಮನವಿ ಎಂಬುದೇ ಇರಲಿಲ್ಲ. ಐವತ್ತು ದಾಟಿದ ಮೇಲೂ ಅಕ್ಕನ ಮಾತನ್ನು ಅಳಿಸುವುದೆಂದರೆ ಅಂಗಾಲಿನಲ್ಲಿ ಏನೋ ತಣ್ಣಗಾಗುತ್ತದೆ. ಹೀಗಾಗಿ ಮಂಡಿ ಉಳಿಯಿತು. ಅದನ್ನು ವಕೀಲರು ನೋಡಿದರು.

ಬಳಗದ ವಕೀಲರು ಏನು ಬರೆದರೂ ಅಂಕೆ ಹಾಕಿಯೇ ಬರೆಯುವವರು. ಪ್ರತಿ ಸೋಮವಾರ ತಮ್ಮ ಒಂದೇ ಗಿಡದ ಫೋಟೋ ಹಾಕುತ್ತಿದ್ದರು. ಎರಡು ವರ್ಷದಿಂದ ಅದು ಒಂದು ಕೂದಲಿನಷ್ಟೂ ಬೆಳೆದಿರಲಿಲ್ಲ, ಪ್ಲಾಸ್ಟಿಕ್ಕಿನದಿರಬಹುದೆಂಬ ಅನುಮಾನ ಎಲ್ಲರಿಗೂ ಇತ್ತು, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರು ಬರೆದರು: ‘ಒಂದು, ಒಂಬತ್ತೂವರೆಗೆ ಮೊಟ್ಟೆಯೊಂದನ್ನು ಅಳಿಸಲಾಗಿದೆ. ಎರಡು, ಒಂಬತ್ತು ಐವತ್ತಕ್ಕೆ ಮಂಡಿಯೊಂದು ಬಂದಿದೆ, ಅದು ಹಾಗೇ ಇದೆ. ಮೂರು, ಮೊಟ್ಟೆಗೊಂದು ನ್ಯಾಯ, ಮಂಡಿಗೊಂದು ನ್ಯಾಯವೇ? ಅಡ್ಮಿನ್ ಅವರು ಉತ್ತರಿಸತಕ್ಕದ್ದು.’ ಅದರ ಕೆಳಗೆ ಹೆಬ್ಬೆರಳುಗಳು ಎದ್ದು ನಿಲ್ಲುತ್ತ ಹೋದವು, ಮೂವತ್ತು, ಐವತ್ತು, ತೊಂಬತ್ತು. ಅವನಿಗೆ ಕಿವಿಯೆಲ್ಲ ಬಿಸಿಯಾಯಿತು. ಪಕ್ಷಪಾತವೇ? ನಾನೇ? ಇಲ್ಲ, ಮೊಟ್ಟೆ ವಿಷಯಾಂತರವೇ ತಾನೆ, ನಿಯಮ ನಿಯಮವೇ, ಎಂದುಕೊಳ್ಳುತ್ತ ಮೇಣ ಬಿಸಿ ಮಾಡಿದ. ಆದರೆ ಮೇಣ ಕರಗುವಾಗ ಮನಸ್ಸು ಸುಳ್ಳು ಹೇಳುವುದಿಲ್ಲವೋ ಏನೋ, ಹೋದ ತಿಂಗಳ ಹೂವು ನೆನಪಿಗೆ ಬಂತು. ಏಳು ವರ್ಷ ಕಾದು ಕಾದು ಅವನ ಗಿಡ ಬಿಟ್ಟ ಮೊದಲ ಹೂವು. ಬಳಗಕ್ಕೆ ಫೋಟೋ ಹಾಕಿ ಕೂತಿದ್ದ. ಬಂದದ್ದು ನಾಲ್ಕು ಹೃದಯ. ಒಂದು ಅಕ್ಕನದು, ಒಂದು ವಕೀಲರದು, ಒಂದು ಯಾರೋ ಕೈತಪ್ಪಿ ಒತ್ತಿದ್ದು, ಇನ್ನೊಂದು ಅವನದೇ. ಈ ಬೆಳಿಗ್ಗೆ ಮೊಟ್ಟೆಗೆ ಒಂಬತ್ತು ನಿಮಿಷದಲ್ಲಿ ಅರವತ್ತಮೂರು ಬಂದಿದ್ದವು. ಅಳಿಸುವ ಮುಂಚೆ ಅವನು ಎಣಿಸಿದ್ದ. ಎಣಿಸಿದ್ದು ಯಾಕೆ ಎಂದು ತನ್ನನ್ನೇ ಕೇಳಿಕೊಂಡು, ಉತ್ತರ ಬರುವ ಮುಂಚೆಯೇ ಕೋರೆಹಲ್ಲನ್ನು ಒತ್ತಿ ಕೂರಿಸಿದ.

ಹನ್ನೊಂದಕ್ಕೆ ಹೊಸ ನಿಯಮ ಬರೆದ. ನ್ಯಾಯವಾಗಿರಬೇಕು, ಎಲ್ಲರಿಗೂ ಒಂದೇ ಆಗಿರಬೇಕು, ಮಂಡಿಯೂ ಉಳಿಯಬೇಕು. ‘ಇನ್ನು ಮುಂದೆ ಯಾವ ಮಾತಾದರೂ ಆಡಬಹುದು, ಆದರೆ ಅದರಲ್ಲಿ ಎಲ್ಲಾದರೂ ಕಳ್ಳಿಯ ಪ್ರಸ್ತಾಪ ಇರಬೇಕು.’ ಬರೆದು, ಓದಿ, ಒಳ್ಳೆಯ ರಾಜನಂತೆ ಕುರ್ಚಿಗೆ ಒರಗಿದ. ಐದು ನಿಮಿಷವೂ ಆಗಲಿಲ್ಲ. ‘ನಮ್ಮ ಭಾವನಿಗೆ ಪ್ರಮೋಷನ್ ಆಯ್ತು. ಕಳ್ಳಿ.’ ‘ಗ್ಯಾಸ್ ಬುಕ್ ಮಾಡಿ ಹತ್ತು ದಿನ, ಇನ್ನೂ ಬಂದಿಲ್ಲ. ಕಳ್ಳಿ.’ ‘ಯಾರಿಗಾದ್ರೂ ಒಳ್ಳೆ ಕಣ್ಣಿನ ಡಾಕ್ಟರ್ ಗೊತ್ತಾ? ಕಳ್ಳಿ, ಕಳ್ಳಿ.’ ನಾಸ್ತಿಕನೊಬ್ಬ ದೇವರಿಲ್ಲ ಕಳ್ಳಿ ಎಂದ, ಆಸ್ತಿಕನೊಬ್ಬ ಇದ್ದಾನೆ ಕಳ್ಳಿ ಎಂದ. ಅವನಿಗೆ ಒಂದನ್ನೂ ಅಳಿಸುವ ಹಾಗಿರಲಿಲ್ಲ, ಎಲ್ಲವೂ ನಿಯಮಬದ್ಧವಾಗಿದ್ದವು. ಅಷ್ಟರಲ್ಲಿ ಬಸ್ ಕಂಡಕ್ಟರ್, ಪಾಪ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಬಸ್ಸು ನಿಂತಿದ್ದ ಹೊತ್ತಿನಲ್ಲಿ ಬರೆದ: ‘ನಮ್ಮತ್ತೆ ಮನೆಗೆ ಬಂದಿದ್ದಾರೆ. ಕಳ್ಳಿ.’

ಕಂಡಕ್ಟರನ ಅತ್ತೆಯೂ ಬಳಗದಲ್ಲಿದ್ದಳು. ‘ಯಾರ್ರೀ ಕಳ್ಳಿ?’ ಎಂದು ಶುರುಮಾಡಿದಳು. ‘ಅಳಿಯ ಅಂತ ಸುಮ್ನಿದ್ರೆ ನಾಲಿಗೆ ಇಷ್ಟುದ್ದ ಆಯ್ತಾ? ಆ ಕುಕ್ಕರ್ ನಾನು ಕೊಟ್ಟಿದ್ದು, ನಾನೇ ವಾಪಸ್ ತಗೊಂಡೆ, ಅದು ಕಳ್ಳತನ ಹೇಗಾಗುತ್ತೆ?’ ಕುಕ್ಕರಿನ ಸುದ್ದಿ ಅಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ. ಕಂಡಕ್ಟರನಿಗೆ ಕುಕ್ಕರ್ ಹೋದದ್ದೇ ಆಗ ಗೊತ್ತಾಯಿತು. ‘ಅತ್ತೆ, ನಾನು ಹೇಳಿದ್ದು ಗಿಡ!’ ‘ನಾನೇನು ಗಿಡ ಥರ ಕಾಣ್ತೀನಾ?’ ನಾನೂರು ಜನ ಉಸಿರು ಬಿಗಿಹಿಡಿದು ಓದುತ್ತಿದ್ದರು. ಎರಡು ಪಕ್ಷಗಳಾದವು. ಕೊಟ್ಟ ಕುಕ್ಕರನ್ನು ವಾಪಸು ಪಡೆಯುವುದು ಕಾನೂನಿನಲ್ಲಿ ಏನಾಗುತ್ತದೆ ಎಂದು ವಕೀಲರು ಏಳು ಅಂಶಗಳಲ್ಲಿ ವಿವರಿಸಿ, ಎಂಟನೆಯದಾಗಿ ‘ಕಳ್ಳಿ’ ಎಂದು ಬರೆದು ಸಹಿ ಹಾಕಿದರು. ಈ ಗಲಾಟೆಯ ನಡುವೆ, ಯಾರೂ ಗಮನಿಸದ ಹಾಗೆ, ಬೂದು ಅಕ್ಷರದಲ್ಲಿ ಒಂದು ಸಾಲು ಬಂದು ಮೇಲಕ್ಕೆ ಸರಿದುಹೋಯಿತು. ‘ಮೇಲಿನವನು ಬಳಗ ತೊರೆದರು.’

ಮೊಟ್ಟೆಯವನೇ ಮೇಲಿನವನು. ಕಟ್ಟಡ ಕಟ್ಟುವಲ್ಲಿ ನಿಲ್ಲಿಸುವ ಎತ್ತರದ ಕ್ರೇನಿನ ಆಪರೇಟರ್. ಬೆಳಿಗ್ಗೆ ಏಣಿ ಹತ್ತಿ ಗಾಜಿನ ಗೂಡಿನಲ್ಲಿ ಕೂತರೆ ಸಂಜೆಗೇ ಇಳಿಯುವವನು. ಸರಿದುಹೋದ ಆ ಸಾಲನ್ನು ಅಡ್ಮಿನ್ ಮತ್ತೆ ಕೆಳಕ್ಕೆ ಎಳೆದು ಓದಿದ. ಕಳೆದ ವರ್ಷ ತನ್ನ ಗಿಡದ ಬುಡ ಕೊಳೆತಾಗ ಇದೇ ಮನುಷ್ಯ ಫೋನಿನಲ್ಲಿ, ಹಿಂದೆ ಗಾಳಿ ಸುಯ್ಯೆನ್ನುತ್ತಿರುವಾಗ, ‘ಹೆದರ್ಕೋಬೇಡಿ ಸಾರ್, ದಾರ ತಗೊಳ್ಳಿ, ಬುಡಕ್ಕೆ ಸುತ್ತಿ ಎಳೀರಿ, ಕೊಳೆತಿದ್ದೆಲ್ಲ ಬೆಣ್ಣೆ ಕೊಯ್ದ ಹಾಗೆ ಬರುತ್ತೆ’ ಎಂದು ಹೇಳಿಕೊಟ್ಟಿದ್ದ. ಅದೇ ಗಿಡ ಹೋದ ತಿಂಗಳು ಹೂ ಬಿಟ್ಟದ್ದು. ಆ ಹೊತ್ತಿಗೆ ಮುಂದಿನ ಕೋಣೆಯಿಂದ ಡಾಕ್ಟರು ಬಂದು ಅವನ ಕೈಯಲ್ಲಿದ್ದ ಸೆಟ್ಟನ್ನು ಬೆಳಕಿಗೆ ಹಿಡಿದರು. ‘ಏನ್ರೀ ಇದು, ಎಡಗಡೆ ಎರಡು ಕೋರೆಹಲ್ಲು? ಪೇಷಂಟು ನಕ್ಕರೆ ಮೊಮ್ಮಕ್ಕಳು ಮನೆ ಬಿಟ್ಟು ಓಡಲ್ವಾ?’ ಅವನು ಎರಡು ಹಲ್ಲನ್ನೂ ನೋಡಿದ. ಜೋಡಿಯಾಗಿ ಕೂತಿದ್ದವು, ಒಂದೇ ಮೊಟ್ಟೆಯ ಒಳಗಿನ ಹಾಗೆ. ‘ಸಾರ್, ಸ್ವಲ್ಪ ಹೊರಗೆ ಹೋಗಿ ಬರ್ತೀನಿ,’ ಎಂದ.

ಆ ಕ್ರೇನ್ ನಿಂತ ಕಟ್ಟಡ ಕ್ಲಿನಿಕ್ಕಿನಿಂದ ಹತ್ತು ನಿಮಿಷದ ನಡಿಗೆ. ಗೇಟಿನ ಕಾವಲುಗಾರ ಹಳದಿ ಹೆಲ್ಮೆಟ್ಟು ಹಾಕಿಸಿಯೇ ಒಳಗೆ ಬಿಟ್ಟ. ಅದು ಕಿವಿಯವರೆಗೆ ಇಳಿದು ಕೂತಿತು. ಕುತ್ತಿಗೆ ಹಿಂದಕ್ಕೆ ಬಾಗಿಸಿದರೆ ಹೆಲ್ಮೆಟ್ಟು ಬೀಳುತ್ತಿತ್ತು, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಮೇಲೆ ನೋಡಿದ. ಆಕಾಶಕ್ಕೆ ಅಂಟಿಸಿದ ಬೆಂಕಿಪೆಟ್ಟಿಗೆಯಷ್ಟು ಗೂಡು. ಫೋನ್ ಮಾಡಿದ.

‘ಸಾರ್, ಕೆಳಗೆ ಹಳದಿ ಟೋಪಿ ನೀವೇನಾ? ಕೈ ಎತ್ತಿ ನೋಡೋಣ. ಹಾಂ, ನೀವೇ. ಊಟದ ಹೊತ್ತು, ಕ್ರೇನ್ ನಿಂತಿದೆ, ಮಾತಾಡಿ.’

‘ನೀವು ಬಳಗ ಬಿಟ್ಟುಬಿಟ್ರಲ್ಲ.’

‘ಬಿಟ್ಟೆ. ಕೋಪಕ್ಕಲ್ಲ ಸಾರ್. ನಾಚಿಕೆ ಆಯ್ತು. ಅಷ್ಟು ಜನರ ಮಧ್ಯೆ ಮೊಟ್ಟೆ ತೋರಿಸಿ ಬೈಸ್ಕೊಂಡ ಹಾಗೆ.’

‘ಬೈದಿಲ್ಲ, ವಿಷಯಾಂತರ ಅಂತ...’

‘ಅದೇ. ಇಲ್ಲಿ ದಿನಾ ಒಬ್ನೇ ಇರ್ತೀನಿ. ವೈರ್‌ಲೆಸ್‌ನಲ್ಲಿ ಎತ್ತು, ಇಳಿಸು, ಎಡಕ್ಕೆ, ಇಷ್ಟೇ ಮಾತು. ಬೆಳಿಗ್ಗೆ ತಿಂಡಿಗೆ ಅಂತ ಮೊಟ್ಟೆ ಕೊಯ್ದೆ, ಎರಡು ಹಳದಿ ಇತ್ತು. ಪಕ್ಕ ತಿರುಗಿ ಇಲ್ನೋಡೋ ಅನ್ನೋಣ ಅಂದ್ರೆ ಪಕ್ಕದಲ್ಲಿ ಒಂದು ಹದ್ದು ಕೂತಿತ್ತು.’

‘ಹದ್ದಿಗೆ ತೋರಿಸಿದ್ರಾ?’

‘ತೋರಿಸ್ದೆ. ನೋಡ್ಲಿಲ್ಲ.’

ಕೆಳಗೆ ಅವನು ಜಾರುತ್ತಿದ್ದ ಹೆಲ್ಮೆಟ್ಟನ್ನು ಒತ್ತಿಹಿಡಿದ. ಹೇಳಬಾರದೆಂದುಕೊಂಡದ್ದು ಬಾಯಿಗೆ ಬಂದುಬಿಟ್ಟಿತು. ‘ನೋಡಿ, ನಾನು ಅಳಿಸಿದ್ದು ವಿಷಯಾಂತರ ಅಂತ ಅಲ್ಲ. ನಿಮ್ಮ ಮೊಟ್ಟೆಗೆ ಅರವತ್ತಮೂರು ಹೃದಯ ಬಂದಿತ್ತು. ನನ್ನ ಹೂವಿಗೆ ನಾಲ್ಕೇ ಬಂದಿದ್ದು. ಹೊಟ್ಟೆ ಉರೀತು.’

ಮೇಲೆ ಗೂಡಿನ ಕಿಟಕಿ ಸರಿಸಿದ ಸದ್ದು ಕೇಳಿತು. ಆಮೇಲೆ ನಗು ಶುರುವಾಯಿತು. ಫೋನಿನಲ್ಲಿ ಮೊದಲು, ಅರೆಕ್ಷಣ ತಡವಾಗಿ ಆಕಾಶದಿಂದಲೂ. ‘ಅಯ್ಯೋ ಸಾರ್! ಹೂ ಹಾಕಿದ ದಿನ ನಾನು ರಜೆ, ಫೋನ್ ರಿಪೇರಿಗೆ ಕೊಟ್ಟಿದ್ದೆ. ನೋಡಿದ್ರೆ ನೂರು ಒತ್ತುತಿದ್ದೆ.’

‘ಒಬ್ಬರು ಒಂದೇ ಒತ್ತೋಕಾಗೋದು.’

‘ಹೌದಾ? ಸರಿ, ಒಂದನ್ನೇ ಜೋರಾಗಿ ಒತ್ತುತಿದ್ದೆ. ಅದಿರ್ಲಿ, ಆ ಮಂಡಿಯಮ್ಮ ಹೇಗಿದ್ದಾರೆ? ಗೋಂದು ಹಚ್ಚಿದ್ಮೇಲೆ ಮುಳ್ಳೆಲ್ಲ ಬಂತಂತಾ?’

‘ಯಾವ ಗೋಂದು?’

‘ಅವರ ಮೆಸೇಜಲ್ಲಿ ಹೇಳಿದ್ರಲ್ಲ. ನೀವು ಕೇಳಿಲ್ವಾ?’

‘ಕೇಳ್ದೆ, ಕೇಳ್ದೆ,’ ಎಂದು ಅವನು ಆತುರಾತುರವಾಗಿ ಹೇಳಿ, ಮೇಲಿನವನನ್ನು ಬಳಗಕ್ಕೆ ಮತ್ತೆ ಸೇರಿಸಿ, ಗೇಟು ದಾಟಿದವನೇ ಅಕ್ಕನ ಸಂದೇಶವನ್ನು ಒತ್ತಿ ಫೋನನ್ನು ಕಿವಿಗೆ ಹಿಡಿದ. ಹೆಲ್ಮೆಟ್ಟು ತೆಗೆಯುವುದು ಮರೆತುಹೋಗಿತ್ತು. ಚಪ್ಪಲಿ ಅಂಗಡಿ, ಬ್ಯಾಂಕು, ಬಸ್ ನಿಲ್ದಾಣ, ಎಲ್ಲವನ್ನೂ ಹಳದಿ ಹೆಲ್ಮೆಟ್ಟಿನಲ್ಲಿ ದಾಟುತ್ತ ಕೇಳಿದ. ಅಕ್ಕ ಕುಂಡವನ್ನು ಬಿಸಿಲಿಗೆ ಇಡಲು ಹೋಗಿ ಜಾರಿ, ಗಿಡದ ಮೇಲೆಯೇ ಮಂಡಿಯೂರಿ ಬಿದ್ದಿದ್ದಳು. ಕೂದಲಿನಂಥ ನೂರಾರು ಮುಳ್ಳು. ಚಿಮಟಕ್ಕೆ ಸಿಗುವುದಿಲ್ಲ, ಉಜ್ಜಿದರೆ ಇನ್ನೂ ಒಳಗೆ ಹೋಗುತ್ತವೆ. ಹಾಗಾಗಿ ಗೋಂದು ಹಚ್ಚಿ, ಮೇಲೆ ತೆಳುವಾದ ಬಟ್ಟೆ ಅಂಟಿಸಿ, ಒಣಗಿದ ಮೇಲೆ ನಿಧಾನವಾಗಿ ಸುಲಿದರೆ ಅರ್ಧಕ್ಕರ್ಧ ಮುಳ್ಳು ಬಂದುಬಿಡುತ್ತವೆ, ಮಕ್ಕಳಿರುವ ಮನೆಯವರು ಇದನ್ನು ನೆನಪಿಟ್ಟುಕೊಳ್ಳಿ. ಬಳಗ ಶುರುವಾದಂದಿನಿಂದ ಕಳ್ಳಿಯ ಬಗ್ಗೆ ಇಷ್ಟು ಉಪಯೋಗದ ಮಾತನ್ನು ಯಾರೂ ಆಡಿರಲಿಲ್ಲ. ನಾನೂರ ಹನ್ನೆರಡು ಜನ ಅದರ ಮೇಲೆ ತೀರ್ಪು ಕೊಟ್ಟಿದ್ದರು, ಕೇಳಿದವನು ಒಬ್ಬ. ಒಂಬತ್ತನೆಯ ನಿಮಿಷದಲ್ಲಿ ಅಕ್ಕನ ಧ್ವನಿ ಸ್ವಲ್ಪ ತಗ್ಗಿತು. ‘ಗಿಡ ನನ್ನ ತಮ್ಮ ಕೊಟ್ಟಿದ್ದು. ಅವನು ಈ ಕಡೆ ತಲೆ ಹಾಕಿ ಆರು ವಾರ ಆಯ್ತು. ಹೋಗ್ಲಿ, ಅದು ವಿಷಯಾಂತರ, ಅಡ್ಮಿನ್ ಅಳಿಸಿಬಿಡ್ತಾರೆ. ಮುಳ್ಳಿನ ವಿಷಯಕ್ಕೆ ಬರ್ತೀನಿ.’

ಅವನು ರಸ್ತೆಯ ಮಧ್ಯೆ ನಿಂತುಬಿಟ್ಟ. ಹೆಲ್ಮೆಟ್ಟಿನವನು ನಿಂತನೆಂದರೆ ಏನೋ ಕಾಮಗಾರಿ ಇರಬೇಕೆಂದು ಹಿಂದೆ ಬರುತ್ತಿದ್ದ ಎರಡು ಸ್ಕೂಟರುಗಳೂ ಮರ್ಯಾದೆಯಿಂದ ನಿಂತವು.

ಕೆಲಸ ಮುಗಿಸಿ, ಹಲ್ಲಿನ ಕೋಣೆಯ ಅತಿ ಸಣ್ಣ ಚಿಮಟವನ್ನೂ ಭೂತಗನ್ನಡಿಯನ್ನೂ ಜೇಬಿಗೆ ಹಾಕಿಕೊಂಡು ಅಕ್ಕನ ಮನೆಗೆ ಹೋದ. ಅಕ್ಕ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು. ‘ಬಂದ್ಯಾ? ಯಾರು ಸತ್ರು?’ ಎಂದಳು. ಅವನು ನೆಲದ ಮೇಲೆ ಕೂತು, ಅವಳ ಮಂಡಿಗೆ ಭೂತಗನ್ನಡಿ ಹಿಡಿದು, ಉಳಿದ ಮುಳ್ಳುಗಳನ್ನು ಒಂದೊಂದಾಗಿ ಕೀಳತೊಡಗಿದ. ಹನ್ನೆರಡನೆಯ ಮುಳ್ಳಿಗೆ ಧೈರ್ಯ ಬಂತು.

‘ಅಕ್ಕ, ನಿನ್ನ ಮೆಸೇಜು ನಾನು ಬೆಳಿಗ್ಗೆ ಕೇಳಿರ್ಲಿಲ್ಲ. ಮಂಡಿ ನೋವಿನ ಪುರಾಣ ಅನ್ಕೊಂಡೆ. ನೀನು ಅಂತ ಭಯಕ್ಕೆ ಹಾಗೇ ಬಿಟ್ಟೆ.’

ಅಕ್ಕ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ‘ಕೇಳಿ ಅಳಿಸಿದ್ರೆ ಬೇಜಾರಿರ್ಲಿಲ್ಲ ಕಣೋ,’ ಎಂದಳು. ‘ಕೇಳ್ದೇನೇ ಉಳಿಸಿದ್ಯಲ್ಲ, ಅದಕ್ಕೆ ಏನು ಹೇಳ್ಲಿ?’ ಕಾಲನ್ನು ಮತ್ತೆ ಅವನತ್ತ ಚಾಚಿ ಹೇಳಿದಳು, ‘ಆ ಮೊಟ್ಟೆಯವನು ಒಬ್ಬ ಕೇಳಿದ. ನನಗೇ ಬೇರೆಯಾಗಿ ಬರೆದಿದ್ದ, ಅಮ್ಮಾ ಗೋಂದು ಪೂರ್ತಿ ಒಣಗೋವರೆಗೂ ಸುಲೀಬೇಡಿ ಅಂತ. ಅವನನ್ನೇ ಓಡಿಸಿದ್ದೀಯ.’

‘ಕರ್ಕೊಂಡು ಬಂದೆ.’

‘ಬರೀ ಕರ್ಕೊಂಡು ಬಂದ್ರೆ ಸಾಲದು. ಜನಕ್ಕೆ ದಿನಕ್ಕೊಂದು ಗಂಟೆ ಬಾಯಿ ಬಿಡೋಕೆ ಬಿಡು. ಮಿಕ್ಕ ಹೊತ್ತು ನಿನ್ನ ಕಳ್ಳಿ ಇಟ್ಕೋ. ಆ ಗಂಟೆ ದಾಟಿತೋ, ಯಾರೇ ಆಗ್ಲಿ, ನಾನೇ ಆಗ್ಲಿ, ಅಳಿಸು. ಮಾಡ್ತೀಯಾ?’

‘ನಿಂದೂ?’

‘ಅಳಿಸಿ ನೋಡು,’ ಎಂದಳು ಅಕ್ಕ. ಅದು ಒಪ್ಪಿಗೆಯೋ ಬೆದರಿಕೆಯೋ ಅವನಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಬಳಗಕ್ಕೆ ಬರೆದ. ಗುಂಡುಕಳ್ಳಿ ತನ್ನ ಅಕ್ಕ. ಮಂಡಿಯನ್ನು ಕೇಳದೆ ಉಳಿಸಿದ್ದು ಭಯಕ್ಕೆ. ಮೊಟ್ಟೆಯನ್ನು ಅಳಿಸಿದ್ದು ಹೊಟ್ಟೆಕಿಚ್ಚಿಗೆ. ಎರಡೂ ತಪ್ಪು. ಬರೆದು ಕಳಿಸುವಾಗ ನಾನೂರ ಹನ್ನೆರಡು ಜನರ ಎದುರು ಅಂಗಿ ಬಿಚ್ಚಿ ನಿಂತಂತೆ ಅನ್ನಿಸಿತು. ಆದರೆ ಯಾರೂ ಉಗಿಯಲಿಲ್ಲ. ಯಾರೂ ಅಷ್ಟಾಗಿ ಗಮನಿಸಲೂ ಇಲ್ಲ, ಅದು ಇನ್ನೂ ಸ್ವಲ್ಪ ಅವಮಾನ. ‘ತಪ್ಪೊಪ್ಪಿಗೆಯನ್ನು ದಾಖಲಿಸಿಕೊಳ್ಳಲಾಗಿದೆ,’ ಎಂದು ವಕೀಲರು ಬರೆದರು. ಕಂಡಕ್ಟರನ ಅತ್ತೆ ಕುಕ್ಕರಿನ ಫೋಟೋ ಹಾಕಿದಳು. ಅದರಲ್ಲಿ ಮಣ್ಣು ತುಂಬಿ ಕಳ್ಳಿ ನೆಟ್ಟಿದ್ದಳು, ಅಳಿಸುವ ಹಾಗಿರಲಿಲ್ಲ. ಅವನು ಹೊಸ ನಿಯಮ ಪ್ರಕಟಿಸಿದ: ದಿನಾ ಮಧ್ಯಾಹ್ನ ನಾಲ್ಕರಿಂದ ಐದು, ಯಾರು ಏನು ಬೇಕಾದರೂ ಮಾತಾಡಬಹುದು. ಐದಾದ ಮೇಲೆ ಒಂದು ಅಕ್ಷರ ಹೆಚ್ಚಾದರೂ ಅಳಿಸಲಾಗುವುದು. ಯಾರಿಗೂ ವಿನಾಯಿತಿ ಇಲ್ಲ. ‘ಸಮಯಪಾಲನೆ ಕಟ್ಟುನಿಟ್ಟಾಗಿರತಕ್ಕದ್ದು,’ ಎಂದು ವಕೀಲರು ಅನುಮೋದಿಸಿದರು.

ನಾಲ್ಕಕ್ಕೆ ಅವನು ಕೈ ತೊಳೆದು, ಫೋನನ್ನು ಅಚ್ಚಿಗೆ ಒರಗಿಸಿ, ಪ್ರವಾಹಕ್ಕೆ ಸಿದ್ಧನಾಗಿ ಕೂತ. ನಾಲ್ಕು ಐದು. ನಾಲ್ಕು ಹತ್ತು. ಯಾರೂ ಒಂದು ಮಾತೂ ಆಡಲಿಲ್ಲ. ನಿನ್ನೆ ನಿಯಮದ ಬಿರುಕುಗಳಲ್ಲೆಲ್ಲ ನುಗ್ಗಿಬಂದ ಭಾವಂದಿರು, ಗ್ಯಾಸು, ದೇವರು, ಎಲ್ಲ ಎಲ್ಲಿ ಹೋದರು? ಯಾರೋ ಬರೆಯುತ್ತಿದ್ದಾರೆ ಎಂದು ಮೂರು ಚುಕ್ಕಿ ಕುಣಿಯುತ್ತಿದ್ದವು, ನಿಲ್ಲುತ್ತಿದ್ದವು. ಮತ್ತೆ ಕುಣಿಯುತ್ತಿದ್ದವು. ಮಾತಾಡಿ ಎಂದೊಡನೆ ಬಾಯಿ ಕಟ್ಟಿಹೋದ ನಾನೂರ ಹನ್ನೆರಡು ಜನ, ಮದುವೆ ಮನೆಯಲ್ಲಿ ಮೈಕು ಕೊಟ್ಟಾಗ ನಿಲ್ಲುವ ಸೋದರಮಾವಂದಿರ ಹಾಗೆ ನಿಂತಿದ್ದರು. ಅವನಿಗೂ ಏನಾದರೂ ಬರೆಯಬೇಕೆನ್ನಿಸಿತು. ಏನು ಬರೆಯುವುದು? ಮೂವತ್ತು ವರ್ಷದಿಂದ ಬೇರೆಯವರ ನಗು ಮಾಡಿ ಮಾಡಿ ಕಳಿಸುತ್ತಿದ್ದೇನೆ, ಒಬ್ಬರೂ ಬಂದು ನಕ್ಕು ತೋರಿಸಿಲ್ಲ ಎಂದೇ? ನಾಚಿಕೆಯಾಗಿ ಬಿಟ್ಟುಬಿಟ್ಟ. ನಾಲ್ಕು ಐವತ್ತೈದು. ಐದು. ‘ಸಮಯ ಮುಗಿಯಿತು. ಅಡ್ಮಿನ್,’ ಎಂದು ಕಳಿಸಿ ನಿಟ್ಟುಸಿರುಬಿಟ್ಟ.

ಐದು ದಾಟಿ ಎರಡು ನಿಮಿಷಕ್ಕೆ ವಕೀಲರ ಸಂದೇಶ ಬಂತು. ಅದರಲ್ಲಿ ಅಂಕೆಗಳಿರಲಿಲ್ಲ.

‘ನನಗೆ ಐವತ್ತೆಂಟು ವರ್ಷ. ನನಗೆ ಈಜು ಬರುವುದಿಲ್ಲ. ಪ್ರತಿ ಭಾನುವಾರ ಈಜುಕೊಳಕ್ಕೆ ಹೋಗಿ, ತಲೆ ಒದ್ದೆ ಮಾಡಿಕೊಂಡು ಮನೆಗೆ ಬರುತ್ತೇನೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.’

ಅದರ ಕೆಳಗೆ ಚುಕ್ಕಿಗಳು ಕುಣಿಯತೊಡಗಿದವು. ಒಬ್ಬರಲ್ಲ ಇಬ್ಬರಲ್ಲ, ಹದಿನೇಳು ಜನ ಏನೋ ಬರೆಯುತ್ತಿದ್ದರು. ಅವನ ಹೆಬ್ಬೆರಳು ಸಂದೇಶದ ಮೇಲೆ ಬಂದು ನಿಂತಿತು. ಎರಡು ನಿಮಿಷ ತಡ. ನಿಯಮ ಅವನದೇ, ಅನುಮೋದನೆ ವಕೀಲರದೇ. ವಿನಾಯಿತಿ ಇಲ್ಲ ಎಂದು ಬೆಳಿಗ್ಗೆಯಷ್ಟೇ ಬರೆದಿದ್ದ, ಇವರಿಗೆ ಬಿಟ್ಟರೆ ನಾಳೆ ಇನ್ನೊಬ್ಬರಿಗೆ ಏನು ಹೇಳುವುದು? ಅವನು ಸಂದೇಶವನ್ನು ಮೂರು ಸಲ ಓದಿದ. ಮೂರನೆಯ ಸಲಕ್ಕೆ ಒದ್ದೆ ತಲೆಯ ವಕೀಲರೊಬ್ಬರು, ಟವೆಲ್ಲು ಹೆಗಲಿಗೆ ಹಾಕಿಕೊಂಡು, ತಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವುದು ಕಂಡಿತು.

ಅವನು ಸ್ಟೂಲನ್ನು ಗೋಡೆಗೆ ಎಳೆದು, ಮೇಲೆ ಹತ್ತಿ, ಕೋಣೆಯ ಗಡಿಯಾರವನ್ನು ಮೊಳೆಯಿಂದ ತೆಗೆದು, ದೊಡ್ಡ ಮುಳ್ಳನ್ನು ಬೆರಳಿನಿಂದ ಹಿಂದಕ್ಕೆ ತಳ್ಳತೊಡಗಿದ. ಅಷ್ಟಕ್ಕೇ ಬಾಗಿಲು ತೆರೆಯಿತು.

‘ಏನ್ರೀ ಮಾಡ್ತಿದ್ದೀರಿ ಮೇಲೆ?’ ಎಂದರು ಡಾಕ್ಟರು.

‘ಸ್ವಲ್ಪ ಮುಂದೆ ಓಡ್ತಿತ್ತು ಸಾರ್,’ ಎಂದು ಅವನು ಗಡಿಯಾರವನ್ನು ಎದೆಗೆ ಅವುಚಿಕೊಂಡ. ‘ಎಲ್ಲರಿಗೂ ಆಗೋ ಹಾಗೆ ಇಡ್ತಿದ್ದೀನಿ.’